ಕೂದಲೆಳೆಯಷ್ಟು ಅಗಲದ ಗೀರುಗಳು

ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ಶಾರ್ಕಿನ ಮೈ ನುಣುಪು. ಬಾಲದಿಂದ ತಲೆಯ ಕಡೆಗೆ ಸವರಿದರೆ ಅಂಗೈ ತರಚುತ್ತದೆ. ಉಪ್ಪುಕಾಗದ ಬರುವ ಮೊದಲು ಮರಗೆಲಸದವರು ಒಣಗಿದ ಶಾರ್ಕ್ ಚರ್ಮದಿಂದ ಮರ ಉಜ್ಜುತ್ತಿದ್ದರು. ಜಪಾನಿನಲ್ಲಿ ವಸಾಬಿ ತುರಿಯಲು ಶಾರ್ಕ್ ಚರ್ಮ ಅಂಟಿಸಿದ ಪುಟ್ಟ ಹಲಗೆ ಇಂದಿಗೂ ಬಳಕೆಯಲ್ಲಿದೆ. ಇಷ್ಟು ಒರಟು ಮೈ ಹೊತ್ತ ಮಾಕೋ ಶಾರ್ಕ್, ಸಮುದ್ರದ ಅತಿ ವೇಗದ ಈಜುಗಾರರಲ್ಲಿ ಒಂದು.

ಆ ಒರಟುತನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಹಲ್ಲುಗಳು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಹಲ್ಲುಗಳೇ: ಒಳಗೆ ತಿರುಳು, ಅದರ ಸುತ್ತ ಡೆಂಟಿನ್, ಹೊರಗೆ ಎನಾಮಲ್‌ನಂಥ ಗಟ್ಟಿ ಹೊದಿಕೆ. ನಮ್ಮ ಬಾಯೊಳಗಿನ ಹಲ್ಲಿನ ರಚನೆಯೂ ಹೀಗೆಯೇ. ಹೆಂಚು ಹೊದಿಸಿದ ಸೂರಿನಂತೆ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ, ಎಲ್ಲವೂ ಬಾಲದ ಕಡೆಗೆ ಮುಖ ಮಾಡಿ ಒರಗಿರುತ್ತವೆ. ಮಾಕೋದ ಪಕ್ಕೆಯಲ್ಲಿ ಇಂಥ ಒಂದು ಹಲ್ಲಿನ ಉದ್ದ ಸುಮಾರು 0.2 ಮಿಲಿಮೀಟರ್. ಅಗಲವನ್ನೂ ಅಷ್ಟೇ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಒಂದು ಚದರ ಸೆಂಟಿಮೀಟರಿಗೆ 2,500. ಒಂದು ಚದರ ಮೀಟರಿಗೆ ಎರಡೂವರೆ ಕೋಟಿ! ಪ್ರತಿ ಹಲ್ಲಿನ ನೆತ್ತಿಯಲ್ಲೂ ನೀರು ಹರಿಯುವ ದಿಕ್ಕಿಗೇ ಸಾಗುವ ಕೆಲವು ಏಣುಗಳಿವೆ. ಎರಡು ಏಣುಗಳ ನಡುವಿನ ಗೀರಿನ ಅಗಲ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ತಿಮಿಂಗಿಲ ಶಾರ್ಕ್ ಎಂಬ ದೈತ್ಯನಲ್ಲಂತೂ ಕಣ್ಣುಗುಡ್ಡೆಯ ಮೇಲೂ ಹಲ್ಲುಗಳಿವೆ, ಒಂದೊಂದು ಕಣ್ಣಿಗೆ ಸುಮಾರು 3,000.

ಈ ಗೀರುಗಳಿಗೆ ಏನು ಕೆಲಸ? ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರಲ್ಲಿ ವೇಗ ಇಮ್ಮಡಿಯಾಗಬೇಕಾದರೆ ಸುಮಾರು ಎಂಟು ಪಟ್ಟು ಶಕ್ತಿ ಬೇಕು. ವೇಗವಾಗಿ ಸಾಗುವ ಮೈಗೆ ತೀರ ಹತ್ತಿರದ ನೀರು ತೆಳ್ಳಗಿನ ಸುಳಿಗಳಾಗಿ ಹೊರಳುತ್ತದೆ. ಆ ಸುಳಿಗಳು ಹೊರಗಿನ ವೇಗದ ನೀರನ್ನು ಎಳೆತಂದು ಮೈಗೆ ಅಪ್ಪಳಿಸುತ್ತವೆ. ಘರ್ಷಣೆಯ ದೊಡ್ಡ ಪಾಲು ಹುಟ್ಟುವುದು ಅಲ್ಲಿ. ಗೀರಿನ ಅಗಲ ಸುಳಿಯ ಅಗಲಕ್ಕಿಂತ ಕಡಿಮೆಯಿದ್ದರೆ ಸುಳಿ ಒಳಗೆ ಇಳಿಯಲಾರದು. ಏಣುಗಳ ತುದಿಯ ಮೇಲೆಯೇ ಉರುಳಿ ಮುಂದೆ ಹೋಗುತ್ತದೆ. ಗೀರಿನೊಳಗಿನ ನೀರು ಮೆಲ್ಲನೆ ಹರಿಯುತ್ತಿರುತ್ತದೆ.

ಬರ್ಲಿನ್‌ನಲ್ಲಿ ಡೀಟ್ರಿಚ್ ಬೆಚರ್ಟ್ ಮತ್ತು ಸಂಗಡಿಗರು ಇಂಥ ಗೀರುಗಳಿರುವ ಮೇಲ್ಮೈಯನ್ನು ಎಣ್ಣೆ ಹರಿಯುವ ಕಾಲುವೆಯಲ್ಲಿಟ್ಟು ಘರ್ಷಣೆ ಅಳೆದರು. ಅಲಗಿನಂಥ ತೆಳ್ಳಗಿನ ಏಣುಗಳು, ಎತ್ತರವು ಅಂತರದ ಅರ್ಧದಷ್ಟು. ಇಂಥ ಮೇಲ್ಮೈಯನ್ನು ಹರಿವು ತಾಗುವ ವಿಸ್ತೀರ್ಣ ಚಪ್ಪಟೆ ಹಲಗೆಯದಕ್ಕಿಂತ ಇಮ್ಮಡಿ. ಉಜ್ಜುವ ಜಾಗ ಇಮ್ಮಡಿಯಾದರೆ ಘರ್ಷಣೆ ಹೆಚ್ಚಬೇಕು ತಾನೆ? ಅದು 9.9% ಇಳಿಯಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಇದಕ್ಕಿಂತ ಬೆರಗಿನ ಅಂಕಿ ಒಂದೇ ಒಂದಿದೆ, ಅದಕ್ಕೆ ಈಗಲೇ ಬರುತ್ತೇನೆ. ಅಂದಹಾಗೆ ಈ ಲಾಭ ಬಹಳ ಸೂಕ್ಷ್ಮದ್ದು. ಏಣುಗಳ ಅಂತರ ಇಮ್ಮಡಿಯಾದರೆ ಲಾಭ ಹೋಗಿ ನಷ್ಟ ಶುರು. ಹರಿವಿಗೆ ಏಣುಗಳು ಓರೆಯಾದರೂ ಹಾಗೆಯೇ.

ಸರಿಯಾದ ಅಂತರ ಎಷ್ಟೆಂಬುದನ್ನು ನಿರ್ಧರಿಸುವುದು ಎರಡೇ: ಹರಿವಿನ ವೇಗ, ಮತ್ತು ಸಾಂದ್ರತೆಗೆ ಹೋಲಿಸಿದರೆ ಹರಿಯುವ ವಸ್ತು ಎಷ್ಟು ಸ್ನಿಗ್ಧ ಎಂಬುದು. ಸೆಕೆಂಡಿಗೆ ಐದರಿಂದ ಹತ್ತು ಮೀಟರ್ ವೇಗದಲ್ಲಿ ನುಗ್ಗುವ ಮೀನಿಗೆ ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 50ರಿಂದ 90 ಮೈಕ್ರೊಮೀಟರ್. ಈಗ 11 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನವನ್ನು ತೆಗೆದುಕೊಳ್ಳಿ. ವೇಗ ಶಾರ್ಕಿನದಕ್ಕಿಂತ 25ರಿಂದ 50 ಪಟ್ಟು. ಆ ಎತ್ತರದ ತೆಳು ಗಾಳಿಯಲ್ಲಿ ಸ್ನಿಗ್ಧತೆಗೂ ಸಾಂದ್ರತೆಗೂ ಇರುವ ಅನುಪಾತ ನೀರಿನದಕ್ಕಿಂತ 30–40 ಪಟ್ಟು. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಉತ್ತರ ಮತ್ತೆ ಸುಮಾರು 80 ಮೈಕ್ರೊಮೀಟರ್! ಮುನ್ನೂರೈವತ್ತು ಜನ ಕೂರುವ ಬೋಯಿಂಗ್‌ಗೆ ಬೇಕಾದದ್ದು ಮಾಕೋದ ಮೈಮೇಲಿರುವ ಅಳತೆಯ ಗೀರೇ.

ಹಾಗಾಗಿಯೇ ಅದು ಆಕಾಶಕ್ಕೂ ಏರಿತು. ಅಮೆರಿಕದ ನಾಸಾದಲ್ಲಿ ಮೈಕೆಲ್ ವಾಲ್ಷ್ 1980ರ ಆಸುಪಾಸಿನಲ್ಲಿ ಗೀರುಗಳ ಪರೀಕ್ಷೆ ನಡೆಸಿದ್ದರು. 1987ರಲ್ಲಿ ಫ್ರೀಮ್ಯಾಂಟಲ್ ಕಡಲಿನಲ್ಲಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ ಗೆದ್ದ ಸ್ಟಾರ್ಸ್ ಆಂಡ್ ಸ್ಟ್ರೈಪ್ಸ್ ದೋಣಿಯ ತಳಕ್ಕೆ 3ಎಂ ಕಂಪನಿಯ ಗೀರುಹಾಳೆ ಅಂಟಿಸಲಾಗಿತ್ತು. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲೂ (ಎನ್‌ಎಎಲ್) ಈ ಬಗ್ಗೆ ಗಂಭೀರ ಕೆಲಸ ನಡೆದಿದೆ. ವಿಮಾನಗಳಲ್ಲಿ ಈ ಗೀರುಗಳ ಬಳಕೆ ಕುರಿತು ಅಲ್ಲಿನ ಪಿ.ಆರ್. ವಿಶ್ವನಾಥ್ 2002ರಲ್ಲಿ ಬರೆದ ವಿಮರ್ಶಾ ಲೇಖನ ಈ ಕ್ಷೇತ್ರದವರಿಗೆ ಪರಿಚಿತ. 2022ರಲ್ಲಿ ಸ್ವಿಸ್ ವಿಮಾನಯಾನ ಕಂಪನಿ ತನ್ನ ಬೋಯಿಂಗ್ 777ಕ್ಕೆ ಲುಫ್ತಾನ್ಸಾ ಟೆಕ್ನಿಕ್ ಮತ್ತು ಬಿಎಎಸ್‌ಎಫ್ ತಯಾರಿಸಿದ ಏರೋಶಾರ್ಕ್ ಹಾಳೆ ಹೊದಿಸಿತು. ವಿಮಾನವೊಂದಕ್ಕೆ ಸುಮಾರು 950 ಚದರ ಮೀಟರ್, ಏಣುಗಳ ಅಳತೆ 50 ಮೈಕ್ರೊಮೀಟರ್, ಉಳಿತಾಯ ಸುಮಾರು 1%. ಶೇಕಡಾ ಒಂದು ಎಂದರೆ ಅಲ್ಪವೆನಿಸಬಹುದು. ಅಂಥ 12 ವಿಮಾನಗಳಿಗೆ ವರ್ಷಕ್ಕೆ 4,800 ಟನ್ ಇಂಧನ ಉಳಿಯುತ್ತದೆಂದು ಕಂಪನಿಯ ಅಂದಾಜು. 2019ರಲ್ಲಿ ಜಗತ್ತಿನ ವಿಮಾನಯಾನ ಕಂಪನಿಗಳು ಸುಟ್ಟ ಇಂಧನ ಸುಮಾರು 36,000 ಕೋಟಿ ಲೀಟರ್. ಅದರ ಶೇಕಡಾ ಒಂದು 360 ಕೋಟಿ ಲೀಟರ್.

ಆದರೂ ಹಾಳೆ ಎಷ್ಟೆಂದರೂ ಹಾಳೆ, ಶಾರ್ಕ್ ಬಳುಕುವ ಜೀವಿ. ಹಾರ್ವರ್ಡ್‌ನ ಜಾರ್ಜ್ ಲಾಡರ್ ತಂಡ 2012ರಲ್ಲಿ ಶಾರ್ಕ್ ಚರ್ಮದ ತುಂಡನ್ನು ನೀರಿನಲ್ಲಿ ಬಳುಕಿಸಿ ಈಜಿಸಿತು, ಬಳಿಕ ಹಲ್ಲುಗಳನ್ನು ಉಜ್ಜಿ ತೆಗೆದು ಮತ್ತೆ ಈಜಿಸಿತು. ಹಲ್ಲಿದ್ದ ಚರ್ಮವೇ ಸರಾಸರಿ 12.3% ಹೆಚ್ಚು ವೇಗ. ಬಳುಕದ ಹಲಗೆಗೆ ಅಂಟಿಸಿದಾಗ ಈ ಲಾಭ ಸಿಗಲಿಲ್ಲ. ಅಲಬಾಮಾ ವಿಶ್ವವಿದ್ಯಾಲಯದ ಏಮಿ ಲ್ಯಾಂಗ್ ಕಂಡದ್ದು ಇನ್ನೊಂದು ಬಗೆ. ಮಾಕೋದ ಪಕ್ಕೆಯ ಹಲ್ಲುಗಳು ಸಡಿಲ ಬುಡದ ಮೇಲೆ ನಿಂತಿವೆ. ಮೈಯನ್ನು ಬಿಟ್ಟು ಹಿಂದಕ್ಕೆ ತಿರುಗುವ ನೀರು ಅವನ್ನು ತಾನೇ 50 ಡಿಗ್ರಿಯವರೆಗೆ ನಿಮಿರಿಸುತ್ತದೆ, ನಿಮಿರಿದ ಹಲ್ಲು ಆ ನೀರನ್ನೇ ತಡೆಯುತ್ತದೆ. ಅದನ್ನು ಎತ್ತಲು ಸ್ನಾಯು ಬೇಕಿಲ್ಲ. 2014ರಲ್ಲಿ ಲಾಡರ್ ತಂಡ ಮೃದು ಹಾಳೆಯ ಮೇಲೆ ಗಟ್ಟಿ ಹಲ್ಲುಗಳನ್ನು 3ಡಿ ಪ್ರಿಂಟರಿನಲ್ಲಿ ಮುದ್ರಿಸಿತು. ಆ ಕೃತಕ ಚರ್ಮ ಹಲ್ಲಿಲ್ಲದ ಹಾಳೆಗಿಂತ 6.6% ಹೆಚ್ಚು ವೇಗವಾಗಿ ಈಜಿತು. ಆದರೆ ಮುದ್ರಿಸಿದ ಹಲ್ಲುಗಳು ಮಾಕೋದವಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡವು. ನಿಜದ ಅಳತೆಗೆ ಇಳಿಯಲು ಪ್ರಿಂಟರಿಗೆ ಆಗಲಿಲ್ಲ.