ಸೀಸೆಯೊಳಗಿನ ಕೆರೆ

ಪರಿಸರ ಅಧ್ಯಯನವೆಂದರೆ ನಮ್ಮ ಕಾಲೇಜು ಹುಡುಗರಿಗೆ ಬಲು ಸಸಾರ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದರೆ ಸಾಕು, ತೇರ್ಗಡೆಯಾಗಬಹುದೆಂಬುದು ಅವರ ಬಲವಾದ ನಂಬಿಕೆ. ಎಂ. ಸಿ. ಮೆಹ್ತಾ ಎಂಬ ವಕೀಲರು ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪಿನ ಫಲವಾಗಿ ಈ ವಿಷಯ ಕಾಲೇಜುಗಳಿಗೆ ಬಂದಿತೆಂಬುದನ್ನು ಬಲ್ಲವರು ಕಡಿಮೆ. ಆ ಮೇಲೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪದವಿ ತರಗತಿಗಳಿಗೆಲ್ಲ ಸಿದ್ಧಪಡಿಸಿದ ಆರು ತಿಂಗಳ ಪಠ್ಯಕ್ರಮದಲ್ಲಿ 50 ಪಾಠಗಳಿದ್ದುವು. ಅವುಗಳಲ್ಲಿ 5 ಪಾಠಗಳನ್ನು ಕೊಠಡಿಯ ಹೊರಗೆ, ಕೆರೆ ಹೊಳೆಗಳನ್ನೂ ಗುಡ್ಡ ಬೆಟ್ಟಗಳನ್ನೂ ಕಣ್ಣಾರೆ ಕಾಣುವುದಕ್ಕೆ ಮೀಸಲಿಡಲಾಗಿತ್ತು.

ನನ್ನ ಕನ್ನಡ ತರಗತಿಯಲ್ಲಿ ಕುಳಿತುಕೊಳ್ಳುತ್ತಿದ್ದ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಈ ಹೊರಗಿನ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡಳು. ಬೆಂಗಳೂರಿನ ದಕ್ಷಿಣಕ್ಕಿರುವ ತಮ್ಮ ಬಡಾವಣೆಯ ಕೆರೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡಳು. ಒಂದು ಭಾನುವಾರ ಬೆಳಿಗ್ಗೆ ಅವಳ ತಂದೆಯವರೊಡನೆ ನಾನೂ ನೋಡಲು ಹೋದೆ.

ಅವಳು ಮಾಡಿದ ಪರೀಕ್ಷೆ 1888ರಲ್ಲಿ ವಿಂಕ್ಲರ್ ಎಂಬ ರಸಾಯನಶಾಸ್ತ್ರಜ್ಞ ಕಂಡುಹಿಡಿದದ್ದು. ಗಾಳಿಯ ಒಂದು ಗುಳ್ಳೆಯೂ ಸೇರದಂತೆ ಗಾಜಿನ ಸೀಸೆಯಲ್ಲಿ ನೀರು ತುಂಬಿ ಎರಡು ದ್ರಾವಣಗಳನ್ನು ಬೆರಸಬೇಕು. ನೀರಿನಲ್ಲಿ ಆಮ್ಲಜನಕ ಕರಗಿದ್ದರೆ ಕಂದು ಬಣ್ಣದ ಗಸಿ ಮೂಡುತ್ತದೆ. ಇಲ್ಲದಿದ್ದರೆ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ಏರಿಯ ಬಳಿ ತುಂಬಿದ ಸೀಸೆ ತಿಳಿಗಂದಾಯಿತು. ಕಾಲುವೆ ಬಂದು ಕೆರೆಗೆ ಸೇರುವೆಡೆಯಲ್ಲಿ ತುಂಬಿದ ಸೀಸೆಯಲ್ಲಿ ಅಚ್ಚ ಬಿಳುಪು.

“ಇಲ್ಲಿ ಮೀನು ಬದುಕಲಾರದು ಸಾರ್. ಮೀನು ಬೆಳೆಯುವ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕವಾದರೂ ಇರಬೇಕು. ಕೊಳಚೆಯನ್ನು ತಿನ್ನುವ ಸೂಕ್ಷ್ಮಜೀವಿಗಳೇ ಇಲ್ಲಿ ಅದನ್ನೆಲ್ಲ ಕಬಳಿಸಿಬಿಟ್ಟಿವೆ” ಎಂದಳು. ಅರೆಗಳಿಗೆ ಸುಮ್ಮನಿದ್ದು, “ನಮ್ಮ ಬಚ್ಚಲ ನೀರೂ ಈ ಕಾಲುವೆಗೇ ಬರುತ್ತದೆ, ಅಪ್ಪ” ಎಂದು ಸೇರಿಸಿದಳು.

ತಂದೆಯವರು ಏನೂ ಹೇಳಲಿಲ್ಲ. ಬೆಂಗಳೂರಿನ ಕೆರೆಗಳು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಕಟ್ಟಿದವು. ಮಳೆನೀರಿಗಾಗಿ ಇದ್ದ ದಾರಿಯಲ್ಲಿ ಕೊಳಚೆಯೂ ಸಾಬೂನಿನ ನೊರೆಯೂ ಹರಿದರೆ ಒಂದು ಮನೆಯ ತಪ್ಪು ಎಲ್ಲಿಯವರೆಗೆ ಹೋದೀತು! 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿಕೊಂಡುದನ್ನು ಓದುಗರು ಮರೆತಿರಲಾರರು.

ಮಾರನೆಯ ವಾರ ಅವಳು ಕನ್ನಡ ವಿಭಾಗಕ್ಕೆ ಬಂದು, “ಹಿಂದೆ ಕೆರೆಯನ್ನು ನೋಡಿಕೊಳ್ಳುವ ಹೊಣೆ ಯಾರದಾಗಿತ್ತು ಸಾರ್?” ಎಂದು ಕೇಳಿದಳು. 1905ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ಅವಳ ಮುಂದಿಟ್ಟೆ. ಕೆರೆ ಕಟ್ಟಿಸಿದವರಿಗೂ ಕಾಪಾಡಿದವರಿಗೂ ಭೂಮಿ ಬಿಟ್ಟುಕೊಡುವ ಪದ್ಧತಿ ನಮ್ಮ ನಾಡಿನಲ್ಲಿತ್ತು. ಕಟ್ಟುಕೊಡಗೆಯೆಂದು ಅದಕ್ಕೆ ಹೆಸರು. ತೂಬನ್ನು ಕಾಯುವುದಕ್ಕೆ ನೀರುಗಂಟಿಯಿದ್ದ. ಪರೀಕ್ಷೆಗೆಂದು ನಾನು ವರ್ಷ ವರ್ಷವೂ ಬಾಯಿಪಾಠ ಹೇಳಿಸಿದ ಮಾತುಗಳಿಗೆ ಇಷ್ಟು ಹತ್ತಿರದ ಅರ್ಥವಿದೆಯೆಂದು ನನಗೂ ಅಂದೇ ಹೊಳೆದದ್ದು.

ಅವಳ ವರದಿಯಲ್ಲಿ ಒಂದು ಪುಟದಲ್ಲಿ ಆಮ್ಲಜನಕದ ಲೆಕ್ಕ, ಎದುರು ಪುಟದಲ್ಲಿ ಶಾಸನದ ಸಾರಾಂಶ. ಹಿಂದೆ ಊರು ಹೊತ್ತಿದ್ದ ಹೊಣೆಯನ್ನು ಇಂದು ಯಾರು ಹೊರಬೇಕೆಂಬುದೇ ಅವಳು ಮುಂದೆ ಸಂಶೋಧಿಸಬೇಕೆಂದಿರುವ ಪ್ರಶ್ನೆ. ಅದಕ್ಕಾಗಿ ಪರಿಸರ ವಿಜ್ಞಾನದಲ್ಲಿ ಎಂ.ಎಸ್‌ಸಿ. ಓದುವ ಆಸೆ ಅವಳಿಗಿದೆ.

“ಕೆರೆ ನೀರು ಅಳೆದರೆ ಹೊಟ್ಟೆ ತುಂಬೀತೆ ಮೇಷ್ಟ್ರೇ?” ಎಂದು ತಂದೆಯವರು ನನ್ನನ್ನು ಕೇಳಿದರು. ಅದು ಕುಹಕದ ಮಾತಲ್ಲ. ಮಗಳ ನಾಳೆಯನ್ನು ನೆನೆದ ತಂದೆಯ ಕಳವಳ. ಕಂಪ್ಯೂಟರಿನ ಕಡೆ ಹೋದವರಿಗೆ ಸಿಗುವ ಸಂಬಳ ಇಲ್ಲಿ ಸಿಕ್ಕೀತೆಂದು ನಾನು ಭರವಸೆ ಕೊಡಲಾರದೆ ಹೋದೆ. “ಅವಳು ಕೇಳಿದ ಪ್ರಶ್ನೆಯನ್ನು ನಾವಿಬ್ಬರೂ ಕೇಳಲಿಲ್ಲವಲ್ಲ” ಎಂದಷ್ಟೇ ಹೇಳಿದೆ.

ಎಂ.ಎಸ್‌ಸಿ.ಗೆ ಅವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಆದರೆ ಕಳೆದ ತಿಂಗಳು ಮನೆಯ ಮುಂದಿನ ನೆಲ ಅಗೆಸಿ, ಕಾಲುವೆಗೆ ಹೋಗುತ್ತಿದ್ದ ಬಚ್ಚಲ ಕೊಳವೆಯನ್ನು ಕೀಳಿಸಿ ಒಳಚರಂಡಿಗೆ ಸೇರಿಸಿದರು. ಈಗ ಭಾನುವಾರ ಬೆಳಿಗ್ಗೆ ಸೀಸೆಗಳ ಪೆಟ್ಟಿಗೆಯನ್ನು ಕೆರೆಯ ಏರಿಯವರೆಗೆ ಹೊತ್ತು ತರುವವರೂ ಅವರೇ.