ವಲಸಿಗರ ಊಟ, ಕರುಳು ಮತ್ತು ಮನಸ್ಸು

ದುಬೈ ಮತ್ತು ಅಬುಧಾಬಿಯ ನಿವಾಸಿಗಳಲ್ಲಿ ಬಹುಪಾಲು ಜನರು, ಕರಾವಳಿಯಿಂದ ಹೋದ ಕನ್ನಡಿಗರೂ ಸೇರಿದಂತೆ, ಹೊರದೇಶಗಳಿಂದ ದುಡಿಮೆಗಾಗಿ ಬಂದವರಾಗಿದ್ದು, ಊರಿನೊಂದಿಗೆ ಅವರ ಊಟವೂ ಬದಲಾಗುತ್ತದೆ. ಈ ಬದಲಾವಣೆಗೆ ಬೇಗನೆ ಸ್ಪಂದಿಸುವುದು ದೊಡ್ಡ ಕರುಳಿನಲ್ಲಿ ನೆಲೆಸಿರುವ ಅಸಂಖ್ಯ ಸೂಕ್ಷ್ಮಜೀವಿಗಳ ಸಮುದಾಯ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ವಲಸೆ ಹೋದ ಹ್ಮಾಂಗ್ ಮತ್ತು ಕರೆನ್ ಮಹಿಳೆಯರ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವು, ಸಸ್ಯಗಳ ನಾರನ್ನು ಒಡೆಯಬಲ್ಲ ಬ್ಯಾಕ್ಟೀರಿಯಾಗಳು ವಲಸೆಯ ನಂತರ ಕ್ಷೀಣಿಸಿ, ಮುಂದಿನ ತಲೆಮಾರಿನಲ್ಲಿ ಜೀವಿವೈವಿಧ್ಯ ಇನ್ನಷ್ಟು ಕುಗ್ಗುವುದನ್ನು ತೋರಿಸಿತು.

ಕರುಳಿಗೂ ಮಿದುಳಿಗೂ ಹಲವು ದಾರಿಗಳಲ್ಲಿ ಸಂಪರ್ಕವಿದೆ. ಮಿದುಳಿನ ಬುಡದಿಂದ ಹೊಟ್ಟೆಯವರೆಗೆ ಹಬ್ಬಿರುವ ವೇಗಸ್ ನರವು ಕರುಳಿನ ಸಂಕೇತಗಳನ್ನು ಮೇಲಕ್ಕೆ ಒಯ್ಯುತ್ತದೆ. ನಾರು ಹುದುಗಿದಾಗ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವು ಕರುಳಿನ ಒಳಪದರವನ್ನು ಪೋಷಿಸಿ ಉರಿಯೂತವನ್ನು ತಗ್ಗಿಸುತ್ತದೆ. ದೇಹದ ಸೆರಟೋನಿನ್‌ನಲ್ಲಿ ಸುಮಾರು 90% ಕರುಳಿನಲ್ಲೇ ತಯಾರಾಗುತ್ತದೆಯಾದರೂ ಅದು ರಕ್ತದಿಂದ ಮಿದುಳಿಗೆ ದಾಟಲಾರದು. ಮಿದುಳು ತನಗೆ ಬೇಕಾದ ಸೆರಟೋನಿನ್ನನ್ನು ಆಹಾರದಿಂದ ದೊರೆಯುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ತಾನೇ ತಯಾರಿಸಿಕೊಳ್ಳುತ್ತದೆ.

ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಮತ್ತು ಸಂಗಡಿಗರು 67 ಖಿನ್ನತೆಯ ರೋಗಿಗಳ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ 12 ವಾರಗಳ ಪ್ರಯೋಗದಲ್ಲಿ, ಕಾಳು, ತರಕಾರಿ, ಮೀನು, ಆಲಿವ್ ಎಣ್ಣೆಗಳ ಆಹಾರಕ್ರಮಕ್ಕೆ ಮಾರ್ಗದರ್ಶನ ಪಡೆದವರಲ್ಲಿ ಸುಮಾರು 32% ಮಂದಿ ಖಿನ್ನತೆಯಿಂದ ಹೊರಬಂದರೆ, ಕೇವಲ ಒಡನಾಟದ ಬೆಂಬಲ ಪಡೆದವರಲ್ಲಿ ಆ ಪ್ರಮಾಣ 8% ಮಾತ್ರ ಇತ್ತು. ಪ್ರಯೋಗ ಚಿಕ್ಕದು, ಭಾಗವಹಿಸಿದ ಬಹುತೇಕರು ಚಿಕಿತ್ಸೆಯಲ್ಲಿಯೂ ಇದ್ದರು, ಆದ್ದರಿಂದ ಆಹಾರವು ಔಷಧಕ್ಕೆ ಬದಲಿಯಲ್ಲ, ಪೂರಕ ಎಂದಷ್ಟೇ ಹೇಳಬಹುದು.

ಇಂತಹ ಆಹಾರವು ಕೊಲ್ಲಿಯ ನಾಡಿಗೆ ಅಪರಿಚಿತವಲ್ಲ. ದುಃಖಿತರಿಗೆ ಸಾಂತ್ವನ ನೀಡುವುದೆಂದು ಇಸ್ಲಾಮೀ ಪರಂಪರೆ ಹೇಳುವ ತಲ್ಬೀನಾ ಎಂಬ ಬಾರ್ಲಿ ಗಂಜಿ, ಖರ್ಜೂರ ಮತ್ತು ಲಬನ್ ಎಂಬ ಮಜ್ಜಿಗೆಯಂತೆಯೇ, ಕನ್ನಡಿಗರ ರಾಗಿ, ಹೆಸರುಕಾಳು, ಮೊಸರುಗಳೂ ನಾರನ್ನೋ ಸಜೀವ ಬ್ಯಾಕ್ಟೀರಿಯಾಗಳನ್ನೋ ಒದಗಿಸುತ್ತವೆ. ಹುಳಿಬರಿಸಿದ ಹಿಟ್ಟಿನ ಇಡ್ಲಿಯಲ್ಲಿ ಬೇಯಿಸಿದ ಬಳಿಕ ಬ್ಯಾಕ್ಟೀರಿಯಾಗಳು ಸಾಯುವುದರಿಂದ ಅದು ಮೊಸರಿಗೆ ಸಮನಲ್ಲ. ಇಂತಹ ಆಹಾರಕ್ಕೆ ವಿರುದ್ಧವಾದ ಸಕ್ಕರೆಯ ಸೆಳೆತವನ್ನು ತಗ್ಗಿಸಲು ಯುಎಇ ಸರ್ಕಾರವು 2017ರಲ್ಲಿ ಸೋಡಾ ಪಾನೀಯಗಳ ಮೇಲೆ 50% ಮತ್ತು ಎನರ್ಜಿ ಡ್ರಿಂಕ್‌ಗಳ ಮೇಲೆ 100% ತೆರಿಗೆ ವಿಧಿಸಿತು.

ಆದರೆ ದೀರ್ಘ ಪಾಳಿ ಮುಗಿಸಿ ಮೆಸ್ಸಿನ ಊಟವನ್ನೇ ನೆಚ್ಚಿಕೊಂಡ ಕಾರ್ಮಿಕನ ತಟ್ಟೆಯನ್ನು ನಿರ್ಧರಿಸುವವನು ಅವನಲ್ಲ. ಆದ್ದರಿಂದ ವಲಸಿಗರ ಮನಸ್ಸಿನ ಆರೋಗ್ಯದ ಚರ್ಚೆಯಲ್ಲಿ ಸಂಬಳ, ಸಾಲ, ಒಂಟಿತನಗಳ ಜೊತೆಗೆ ಮೆಸ್ಸಿನ ಅಡುಗೆಯೂ ಸೇರಬೇಕಾಗುತ್ತದೆ.