ನ್ಯಾಯನಿಷ್ಠ ಆಡಳಿತಗಾರ ಕ್ಲಿಫರ್ಡ್ ಅಲೆಗ್ಸಾಂಡರ್

ಶಾಸನವು ಅನ್ಯಾಯವನ್ನು ನಿಷೇಧಿಸಬಲ್ಲದು. ಆದರೆ ಅದನ್ನು ನಿಷ್ಠೆಯಿಂದ ಜಾರಿಗೆ ತರುವವರಿಲ್ಲದಿದ್ದರೆ ಅದು ಬರಿಯ ಅಕ್ಷರವಾಗಿ ಉಳಿಯುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1964ರ ನಾಗರಿಕ ಹಕ್ಕುಗಳ ಶಾಸನವು ಜನಾಂಗ, ವರ್ಣ, ಮತ, ಲಿಂಗ, ರಾಷ್ಟ್ರಮೂಲಗಳ ಕಾರಣದಿಂದ ಉದ್ಯೋಗದಲ್ಲಿ ಭೇದವೆಣಿಸುವುದನ್ನು ನಿಷೇಧಿಸಿತು. ಅದರ ಪಾಲನೆಗಾಗಿ ಶ್ರಮಿಸಿದವರಲ್ಲಿ ಕ್ಲಿಫರ್ಡ್ ಅಲೆಗ್ಸಾಂಡರ್ ಒಬ್ಬರು.

ಅಲೆಗ್ಸಾಂಡರ್ 1933ರಲ್ಲಿ ನ್ಯೂಯಾರ್ಕ್ ನಗರದ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಬೆಳಕು ಕಂಡರು. ಅವರ ತಂದೆ ಜಮೈಕಾ ದ್ವೀಪದಿಂದ ಬಂದು ನೆಲೆಸಿದವರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನೂ ಯೇಲ್‌ನಲ್ಲಿ ನ್ಯಾಯಶಾಸ್ತ್ರದ ಶಿಕ್ಷಣವನ್ನೂ ಪಡೆದ ಅವರು, 1963ರಲ್ಲಿ ಅಧ್ಯಕ್ಷ ಕೆನಡಿಯವರ ಆಡಳಿತವನ್ನು ಸೇರಿದರು. ಅನಂತರ ಅಧ್ಯಕ್ಷ ಜಾನ್ಸನ್ನರು 1967ರಲ್ಲಿ ಅವರನ್ನು ಸಮಾನ ಉದ್ಯೋಗಾವಕಾಶ ಆಯೋಗದ ಅಧ್ಯಕ್ಷರನ್ನಾಗಿ ನೇಮಿಸಿದರು.

ಆಯೋಗದ ಹೆಸರು ದೊಡ್ಡದು, ಅಧಿಕಾರ ಕಿರಿದು. ದೂರುಗಳನ್ನು ವಿಚಾರಿಸಿ ಸಂಧಾನಕ್ಕೆ ಯತ್ನಿಸಬಹುದಾಗಿತ್ತೇ ಹೊರತು, ತಪ್ಪಿತಸ್ಥ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡುವ ಹಕ್ಕು ಅದಕ್ಕಿರಲಿಲ್ಲ. ಅಲೆಗ್ಸಾಂಡರ್ ಕೈಕಟ್ಟಿ ಕೂರಲಿಲ್ಲ. 1968ರಲ್ಲಿ ಆಯೋಗವು ನ್ಯೂಯಾರ್ಕಿನಲ್ಲಿ ಬಹಿರಂಗ ವಿಚಾರಣೆ ನಡೆಸಿತು. ಬ್ಯಾಂಕು, ವಿಮೆ, ಪ್ರಕಾಶನ ಮೊದಲಾದ ಉದ್ಯಮಗಳ ಕಚೇರಿಗಳಲ್ಲಿ ಕಪ್ಪು ಜನರಿಗೆ ಎಷ್ಟು ಹುದ್ದೆಗಳು ದೊರೆತಿವೆಯೆಂಬ ಪ್ರಶ್ನೆ ಅಲ್ಲಿ ಸಾರ್ವಜನಿಕರ ಮುಂದೆ ಬಂದಿತು. ದಂಡಿಸಲಾಗದ ಕಡೆ ಬೆಳಕು ಚೆಲ್ಲುವುದೇ ಅವರ ಆಯುಧವಾಯಿತು. ಹೊಸದಾಗಿ ಬಂದ ನಿಕ್ಸನ್ ಸರ್ಕಾರದ ಬೆಂಬಲ ದೊರೆಯದಾಗಲು ಅವರು 1969ರಲ್ಲಿ ಅಧ್ಯಕ್ಷ ಪದವಿಯನ್ನು ತ್ಯಜಿಸಿದರು. ಮೊಕದ್ದಮೆ ಹೂಡುವ ಅಧಿಕಾರ ಆಯೋಗಕ್ಕೆ ದೊರೆತದ್ದು 1972ರಲ್ಲಿ.

1977ರಲ್ಲಿ ಅಧ್ಯಕ್ಷ ಕಾರ್ಟರ್ ಅವರನ್ನು ಭೂಸೇನಾ ಕಾರ್ಯದರ್ಶಿಯನ್ನಾಗಿ ನೇಮಿಸಿದರು. ಆ ಪದವಿಗೇರಿದ ಕಪ್ಪು ಜನಾಂಗದವರಲ್ಲಿ ಅವರೇ ಮೊದಲಿಗರು. ಒಮ್ಮೆ ಜನರಲ್ ಹುದ್ದೆಗೆ ಬಡ್ತಿ ಪಡೆಯುವವರ ಪಟ್ಟಿಯೊಂದು ಅವರ ಮುಂದೆ ಬಂದಿತು. ಅದರಲ್ಲಿ ಕಪ್ಪು ಅಧಿಕಾರಿಗಳ ಹೆಸರೇ ಇರಲಿಲ್ಲ. ಅಲೆಗ್ಸಾಂಡರ್ ಪಟ್ಟಿಯನ್ನು ತಡೆಹಿಡಿದರು. ಆದರೆ ಇಂತಿಷ್ಟು ಹೆಸರುಗಳನ್ನು ಸೇರಿಸಿರೆಂದು ಅವರು ಆಜ್ಞಾಪಿಸಲಿಲ್ಲ. ಅರ್ಹತೆಯ ಮಟ್ಟವನ್ನು ಇಳಿಸಿರೆಂದೂ ಹೇಳಲಿಲ್ಲ. ಕಪ್ಪು ಕರ್ನಲ್‌ಗಳ ಸೇವಾ ಕಡತಗಳನ್ನು ಮರುಪರಿಶೀಲಿಸಿ, ಪೂರ್ವಗ್ರಹವುಳ್ಳ ಮೇಲಧಿಕಾರಿಗಳು ಹಿಂದೆಂದೋ ಬರೆದ ಪ್ರತಿಕೂಲ ವರದಿಗಳು ಅವರಿಗೆ ಅಡ್ಡಿಯಾಗಿವೆಯೇ ಎಂದು ನೋಡುವಂತೆ ಸೂಚಿಸಿದರು. ಪರಿಶೀಲನೆಯ ಬಳಿಕ ಬಂದ ಪಟ್ಟಿಯಲ್ಲಿ ಅರ್ಹರಾದ ಕಪ್ಪು ಅಧಿಕಾರಿಗಳ ಹೆಸರುಗಳೂ ಇದ್ದವು. ಅವರ ಅಧಿಕಾರಾವಧಿಯಲ್ಲೇ, 1979ರಲ್ಲಿ, ಹೇಝಲ್ ಜಾನ್ಸನ್ ಆ ಸೇನೆಯಲ್ಲಿ ಜನರಲ್ ದರ್ಜೆಗೇರಿದ ಮೊದಲ ಕಪ್ಪು ಮಹಿಳೆಯಾದರು. ಮುಂದೆ ಸೇನಾಪಡೆಗಳ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರಾದ ಕಾಲಿನ್ ಪೊವೆಲ್ ಬ್ರಿಗೇಡಿಯರ್ ಜನರಲ್ ಆದದ್ದೂ ಅದೇ ವರ್ಷ.

ಅಲೆಗ್ಸಾಂಡರ್ 2022ರಲ್ಲಿ ನಿಧನರಾದರು. ವರ್ಣಭೇದವು ಯಾವಾಗಲೂ ಬೈಗುಳದ ರೂಪದಲ್ಲಿ ಬರುವುದಿಲ್ಲ. ಎಷ್ಟೋ ಸಲ ಅದು ಕಡತಗಳ ಮಧ್ಯೆ ಸದ್ದಿಲ್ಲದೆ ಅಡಗಿರುತ್ತದೆ. ಅಂತಹ ಕಡತಕ್ಕೆ ಕಣ್ಣು ಮುಚ್ಚಿ ಸಹಿ ಹಾಕುವ ಅಧಿಕಾರಿ ತಾನು ಅನ್ಯಾಯ ಮಾಡಲಿಲ್ಲವೆಂದು ಹೇಳಿಕೊಳ್ಳಬಹುದು. ಆದರೆ ಅನ್ಯಾಯವು ಮುಂದುವರಿಯುವುದು ಆ ಸಹಿಯಿಂದಲೇ.